ಕಾಂಗ್ಲಾಮರೇಟ್ ಲೇಖನ ಕಳಿಸಿದವರಿಗೆ

ನಮಸ್ಕಾರ. ಚಿಕ್ಕಮಗಳೂರು ಜಿಲ್ಲೆಯ ಕಾಂಗ್ಲಾಮರೇಟ್, ಅಂದರೆ ಉಂಡೆಕಲ್ಲುಗಳು ಮರಳಿನೊಡನೆ ಅಂಟಿ ಗಟ್ಟಿಯಾದ ಶಿಲೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ನಮ್ಮ ಕಡೆ ಈ ಕಲ್ಲಿನ ಬಗ್ಗೆ ಬರೆಯುವವರೇ ಕಡಿಮೆ. ಅದಕ್ಕೇ ನನಗೆ ಬೇಜಾರು ಜಾಸ್ತಿ ಆಯ್ತು.

‘ಜಲ್ಲಿ ಹಾಕಿ ಕಲಸಿದ ಕಾಂಕ್ರೀಟಿನ ಹಾಗೆ’ ಎಂದಿದ್ದೀರಿ. ಜಲ್ಲಿಗೆ ಮೂಲೆ ಇರುತ್ತದೆ, ಅಲ್ವಾ? ಚೂಪು ಮೂಲೆಯ ಚೂರುಗಳು ಅಂಟಿಕೊಂಡರೆ ಅದು ಬ್ರೆಕ್ಸಿಯಾ. ಕಾಂಗ್ಲಾಮರೇಟಿನ ಕಲ್ಲುಗಳು ನೀರಿನಲ್ಲಿ ಉರುಳಿ, ಸವೆದು, ಉರುಟಾಗಿರುತ್ತವೆ. ನಿಮ್ಮ ಹೋಲಿಕೆಯಲ್ಲಿ ಹೊಳೆಯೇ ಕಾಣೆಯಾಯಿತು.

ಮುಂದಿನ ಸಾಲು: ‘ಕಾರ್ತಿಕೆರೆ, ಕಲ್ದುರ್ಗಗಳಲ್ಲಿ ಹಲವು ಬಗೆಯ ಸುಂದರ ಕಲ್ಲುಗಳಿವೆ.’ ಇದು ನನ್ನನ್ನು ನಿಜವಾಗಿ ಕೆರಳಿಸಿತು. ನಾನು ಹಾಸನದ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ‘ಹಲವು’ ಕಂಡರೆ ಕೆಂಪು ಶಾಯಿಯಲ್ಲಿ ‘ಯಾವುವು?’ ಎಂದು ಬರೆಯುವರು, ‘ಸುಂದರ’ ಕಂಡರೆ ‘ಏನು ಕಂಡಿರಿ?’ ಎನ್ನುವರು. ಉತ್ತರ ತರುವ ತನಕ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಆ ಪ್ರಶ್ನೆಗಳನ್ನೇ ಈಗ ನಿಮಗೆ ಕೇಳುತ್ತಿದ್ದೇನೆ.

ಕಾರ್ತಿಕೆರೆಯದು ಬಾಬಾಬುಡನ್ ಶಿಲಾಸ್ತರಗಳ ತಳದ ಪದರ, ಸುಮಾರು 290 ಕೋಟಿ ವರ್ಷ ಹಳೆಯದು. ಅಲ್ಲಿ ಉಂಡೆಗಳು ಹೆಚ್ಚಾಗಿ ಬೆಣಚುಕಲ್ಲು. ಮೆತ್ತನೆಯ ಖನಿಜಗಳೆಲ್ಲ ಕೊಳೆತು, ತೊಳೆದುಹೋಗಿ, ಗಟ್ಟಿ ಇದ್ದದ್ದು ಮಾತ್ರ ಉಳಿದಿದೆ. ತರೀಕೆರೆ ಕಡೆಯ ಕಲ್ದುರ್ಗದ ಕಥೆ ಬೇರೆ. ಅಲ್ಲಿ ಗ್ರಾನೈಟಿನ ದೊಡ್ಡ ದೊಡ್ಡ ಉಂಡೆಗಳಿವೆ. ಗ್ರಾನೈಟು ಕೊಳೆಯುವಷ್ಟು ಪುರುಸೊತ್ತು ಸಿಕ್ಕಿಲ್ಲ ಅಂದರೆ, ಹತ್ತಿರದ ಎತ್ತರದಿಂದಲೇ ಬೇಗ ಬಂದು ಬಿದ್ದಿರಬೇಕು. ಒಂದೇ ಜಾತಿ ಉಂಡೆಯದ್ದು ಒಂದು ಬಗೆ, ಹಲವು ಜಾತಿಯದ್ದು ಇನ್ನೊಂದು. ಎರಡೂ ನಿಮ್ಮ ಜಿಲ್ಲೆಯಲ್ಲೇ ಇವೆ. ನೀವು ಸುಮ್ನೆ ಒಂದೇ ಸಾಲಿಗೆ ಕಟ್ಟಿಬಿಟ್ಟಿರಿ!

‘ಕಾಲದ ಮೌನ ಸಾಕ್ಷಿಗಳು’ ಎಂಬುದನ್ನೂ ಹೊಡೆದುಹಾಕಿದ್ದೇನೆ. ಬಾಬಾಬುಡನ್ ತಳದ ಬೆಣಚು ಉಂಡೆಗಳ ನಡುವೆ ಹೊಳೆಯಲ್ಲಿ ಉರುಳಿ ಬಂದ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದ ಕಣಗಳು ಸಿಗುತ್ತವೆ. ಇವತ್ತಿನ ಗಾಳಿಯಲ್ಲಾಗಿದ್ದರೆ ಅವು ತುಕ್ಕಾಗಿ ಕರಗುತ್ತಿದ್ದವು. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು ಎಂದು ವಿಜ್ಞಾನಿಗಳು ಹೇಳುವುದಕ್ಕೆ ಇಂಥ ಕಣಗಳೂ ಒಂದು ಆಧಾರ. ಇಷ್ಟು ಮಾತಾಡುವ ಕಲ್ಲಿಗೆ ಮೌನ ಎಲ್ಲಿಯದು?

ಲೆನ್ಸ್ ಹಿಡಿದು ಎರಡೂ ಕಡೆ ಇನ್ನೊಮ್ಮೆ ಹೋಗಿ. ಉಂಡೆ ಎಷ್ಟು ದೊಡ್ಡದು, ಯಾವ ಕಲ್ಲು, ನಡುವೆ ತುಂಬಿರುವುದು ಏನು, ಬರೆದು ಕಳಿಸಿ. ಪೂರ್ತಿ ಪುಟ ಕೊಡುತ್ತೇನೆ.