ವೆನಿಸ್‌ನ ಗೇಟು ನಮ್ಮ ಅಳಿವೆಗೂ ಬೇಕಾ?

ಪ್ರಶ್ನೆ: ವೆನಿಸ್ ಮುಳುಗದ ಹಾಗೆ ಸಮುದ್ರದ ತಳದಲ್ಲಿ ಗೇಟು ಮಲಗಿಸಿದ್ದಾರಂತೆ. ಅದಕ್ಕೆ ಎಷ್ಟು ಖರ್ಚಾಯಿತು? ನಿಜವಾಗಿ ಕೆಲಸ ಮಾಡುತ್ತಾ? ಮಳೆಗಾಲದಲ್ಲಿ ಹೊಳೆ ನಮ್ಮ ಅಂಗಳಕ್ಕೇ ಬರುತ್ತದೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೂ ಅಂಥದ್ದೊಂದು ಹಾಕಿದರೆ ಆಗದೇ?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ಬಂಡು (ನೀರು ತಡೆಯುವ ಒಡ್ಡು), ಗೇಟು ಅಂತ 31 ವರ್ಷ ಕೆಲಸ ಮಾಡಿದವನಿಗೆ ಈ ಪ್ರಶ್ನೆ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡಬೇಡಿ.

ಆ ಗೇಟು ನೋಡಬೇಕು ಅಂತಲೇ ಎರಡು ವರ್ಷದ ಹಿಂದೆ ಮಗಳ ಜೊತೆ ವೆನಿಸ್‌ಗೆ ಹೋಗಿದ್ದೆ. ಕಂಡದ್ದು ಬರೀ ನೀರು! ಬೇಡದಿದ್ದಾಗ ಗೇಟು ತಳದಲ್ಲೇ ಮಲಗಿರುತ್ತದೆ. 'ಇದನ್ನು ನೋಡೋಕೆ ಇಷ್ಟು ದೂರ ಬಂದ್ವಾ ಅಪ್ಪಾ?' ಅಂತ ಮಗಳು ನಕ್ಕಳು.

ಗೇಟಿನ ಯೋಜನೆಗೆ 'ಮೋಸೆ' ಅಂತ ಹೆಸರು. ವೆನಿಸ್ ಇರುವುದು ಸಮುದ್ರಕ್ಕೆ ಅಂಟಿದ ಹಿನ್ನೀರಿನೊಳಗೆ. ಆ ಹಿನ್ನೀರಿಗೆ ಸಮುದ್ರದ ಕಡೆ ಮೂರು ಬಾಯಿ. ಮೂರಕ್ಕೂ ಸೇರಿ 78 ಗೇಟು. ಒಂದೊಂದೂ 20 ಮೀಟರ್ ಅಗಲದ ಟೊಳ್ಳು ಉಕ್ಕಿನ ಪೆಟ್ಟಿಗೆ. ಒಳಗೆ ನೀರು ತುಂಬಿದ್ದರೆ ತಳದಲ್ಲಿ ಮಲಗಿರುತ್ತದೆ. ಗಾಳಿ ಒತ್ತಿ ನೀರು ಹೊರಹಾಕಿದರೆ ಒಂದು ತುದಿ ಮೇಲೆದ್ದು ಸಮುದ್ರಕ್ಕೆ ಅಡ್ಡ ನಿಲ್ಲುತ್ತದೆ. ಸರಳ ಉಪಾಯ. ಆದರೆ ಉಪ್ಪುನೀರಿನಲ್ಲಿ ತಿರುಗಣಿ ಇಟ್ಟವರಿಗೆಲ್ಲ ಗೊತ್ತು, ಸರಳ ಅನ್ನುವ ಮಾತು ಎಷ್ಟು ದಿನ ಉಳಿಯುತ್ತದೆ ಅಂತ. ತುಕ್ಕು ಹಿಡಿಯುತ್ತದೆ, ಚಿಪ್ಪು ಅಂಟುತ್ತದೆ.

ಖರ್ಚು ಕೇಳಿದಿರಿ. ಗೇಟಿಗೇ ಸುಮಾರು 550 ಕೋಟಿ ಯೂರೊ. ಒಂದು ಯೂರೊಗೆ 90 ರೂಪಾಯಿ ಹಿಡಿದರೂ 50 ಸಾವಿರ ಕೋಟಿ ರೂಪಾಯಿಯ ಹತ್ತಿರ ಬಂತು. ಮೊದಲ ಅಂದಾಜು ಇದರ ಮೂರನೇ ಒಂದು ಪಾಲೂ ಇರಲಿಲ್ಲ. 1966ರ ನವೆಂಬರ್ 4ರಂದು ನೀರು ಅಲ್ಲಿನ ನಿಗದಿತ ಅಳತೆ ಗುರುತಿಗಿಂತ 194 ಸೆಂಟಿಮೀಟರ್ ಏರಿ ಊರೇ ಮುಳುಗಿತ್ತು. ಯೋಚನೆ ಶುರುವಾದದ್ದು ಆಗ. ಕೆಲಸ ಶುರುವಾದದ್ದು 2003ರಲ್ಲಿ. 2014ರಲ್ಲಿ ಲಂಚದ ಹಗರಣ ಹೊರಬಂದು ಆಗಿನ ಮೇಯರ್ ಸೇರಿ 35 ಜನರ ಬಂಧನವಾಯಿತು. 2019ರ ನವೆಂಬರ್ 12ರಂದು ಮತ್ತೆ 187 ಸೆಂಟಿಮೀಟರ್ ನೀರು ಬಂತು. ಅಷ್ಟೊತ್ತಿಗೆ ದುಡ್ಡಿನ ಬಹುಪಾಲು ಖರ್ಚಾಗಿತ್ತು, ಗೇಟು ಮಾತ್ರ ಎದ್ದಿರಲಿಲ್ಲ. ನಿಜವಾದ ನೀರಿಗೆ ಅದು ಮೊದಲ ಸಲ ಎದ್ದದ್ದು 2020ರ ಅಕ್ಟೋಬರ್ 3ರಂದು. ಊರು ಒಣಗಿಯೇ ಇತ್ತು. ಜನ ಖುಷಿಪಟ್ಟರು.

ಅದಾಗಿ ಎರಡು ತಿಂಗಳಿಗೆ ಏನಾಯಿತು ನೋಡಿ. ಡಿಸೆಂಬರ್ 8. ನೀರು 130 ಸೆಂಟಿಮೀಟರ್ ದಾಟುತ್ತದೆ ಅಂತ ಮುನ್ಸೂಚನೆ ಬಂದರೆ ಮಾತ್ರ ಗೇಟು ಎತ್ತಬೇಕು ಅಂತ ಆಗಿನ ನಿಯಮ. ಬಂದ ಮುನ್ಸೂಚನೆ ಅದಕ್ಕಿಂತ ಕಡಿಮೆ ಇತ್ತು. ಎತ್ತಲಿಲ್ಲ. ಗಾಳಿ ಲೆಕ್ಕ ತಪ್ಪಿಸಿತು, ನೀರು 138 ಮುಟ್ಟಿತು. ಆಗ ಎತ್ತೋಣ ಅಂದರೆ ಆಗಲಿಲ್ಲ. ಜನರನ್ನು ಕರೆಸಿ ಸಜ್ಜು ಮಾಡಲು ಬಹಳ ಮೊದಲೇ ಹೇಳಬೇಕಿತ್ತು. ಗೇಟು ತಳದಲ್ಲಿ ಆರಾಮಾಗಿ ಮಲಗಿತ್ತು, ಅಂಗಡಿಯವರು ಮೊಣಕಾಲುದ್ದ ನೀರಲ್ಲಿ ಸಾಮಾನು ಎತ್ತುತ್ತಿದ್ದರು. ಗೇಟಿನ ಕೆಲಸ ಮಾಡಿದವನಾಗಿ ಹೇಳುತ್ತೇನೆ, ನನಗೆ ಆ ಹಗರಣಕ್ಕಿಂತ ಈ ದಿನವೇ ಜಾಸ್ತಿ ಕಾಡುತ್ತದೆ.

ಈಗ ಸುಮಾರು 110ಕ್ಕೇ ಎತ್ತುತ್ತಾರೆ. 2022ರ ನವೆಂಬರ್ 22ರಂದು ಹೊರಗೆ ನೀರು 170 ದಾಟಿದ್ದಾಗಲೂ ಊರು ಉಳಿಯಿತು. ಹಾಗಾಗಿ, ಹೌದು, ಕೆಲಸ ಮಾಡುತ್ತದೆ. ಆದರೆ ಪ್ರತಿ ಸಲ ಎತ್ತಲು ಎರಡು ಲಕ್ಷ ಯೂರೊ ಆಸುಪಾಸು ಬೇಕು. ಎತ್ತಿದಷ್ಟು ಹೊತ್ತು ಹಡಗು ಕಾಯಬೇಕು. ಇನ್ನೊಂದು ತಮಾಷೆ. ಸೇಂಟ್ ಮಾರ್ಕ್ ಚೌಕ ತಗ್ಗಿನಲ್ಲಿದೆ, 80-90ಕ್ಕೇ ಅಲ್ಲಿ ನೀರು ಬರುತ್ತದೆ. ಅಷ್ಟಕ್ಕೆ ಗೇಟು ಏಳುವುದಿಲ್ಲ. ಅದಕ್ಕೆ ಅಲ್ಲಿನ ದೊಡ್ಡ ಚರ್ಚಿನ ಸುತ್ತ 2022ರಲ್ಲಿ ಬೇರೆಯದೇ ಗಾಜಿನ ಗೋಡೆ ಕಟ್ಟಿದರು. ಅದನ್ನು ಮಾತ್ರ ನಾನು ಮುಟ್ಟಿ ನೋಡಿ ಬಂದೆ.

ಇನ್ನು ಅಘನಾಶಿನಿ. ಬೇಡವೇ ಬೇಡ. ವೆನಿಸ್‌ನವರು ನೂರಾರು ವರ್ಷ ಹಿಂದೆಯೇ ಬ್ರೆಂತಾದಂಥ ದೊಡ್ಡ ನದಿಗಳನ್ನು ಹಿನ್ನೀರಿನಿಂದ ಆಚೆ ತಿರುಗಿಸಿದ್ದಾರೆ. ಅವರ ತೊಂದರೆ ಮುಖ್ಯವಾಗಿ ಸಮುದ್ರದ್ದು. ಬಾಯಿ ಮುಚ್ಚಿದರೆ ಆಯಿತು. ನಿಮ್ಮ ಅಂಗಳಕ್ಕೆ ಬರುವುದು ಘಟ್ಟದ ಮಳೆ. ಸಮುದ್ರ ಏರುವ ಭರತದ ಹೊತ್ತಿಗೇ ಮೇಲಿನ ನೀರೂ ಬಂದರೆ ಹೊಳೆಗೆ ಇಳಿಯಲು ದಾರಿ ಇಲ್ಲ, ಅಲ್ವಾ? ಅಂಥ ಹೊತ್ತಲ್ಲಿ ಅಳಿವೆಗೆ ಗೇಟು ಹಾಕಿ ಮುಚ್ಚಿದರೆ ಘಟ್ಟದ ನೀರು ನಿಮ್ಮ ಅಡುಗೆಮನೆಗೇ ಬರುತ್ತದೆ.

ಸಣ್ಣ ಗೇಟು ನಿಮ್ಮಲ್ಲಿ ಆಗಲೇ ಇದೆಯಲ್ಲ. ಗಜನಿ, ಅಂದರೆ ಅಳಿವೆ ಬದಿಯ ತಗ್ಗು ಗದ್ದೆ, ಅದರ ಬಂಡಿನ ಹಲಗೆ ಬಾಗಿಲು. ಭರತಕ್ಕೆ ಮುಚ್ಚಿ, ಇಳಿತಕ್ಕೆ ತೆಗೆದು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದ ಊರು ನಿಮ್ಮದು. ಅಲ್ಲೂ ಬಾಗಿಲು ಕಾಯಲು ಒಬ್ಬ ಮನುಷ್ಯ ಬೇಕು, ಅಮಾವಾಸ್ಯೆ ಹುಣ್ಣಿಮೆಗೆ ರಾತ್ರಿ ಎದ್ದು ಹೋಗಬೇಕು. ನಿಮ್ಮ ಮನೆ ಹತ್ತಿರದ ಬಂಡಿನ ಬಾಗಿಲಿಗೆ ಹಲಗೆ ಬದಲಿಸಿದ್ದು ಯಾವಾಗ? ಯಾರು ಕಾಯುತ್ತಾರೆ? ಇಳಿತದ ಹೊತ್ತಲ್ಲಿ ಹೋಗಿ ನೋಡಿ ಬರೆಯಿರಿ. ಒಂದು ಫೋಟೊನೂ ಇಟ್ಟರೆ ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆಯೇ ಮಾತಾಡೋಣ.