ಮದುವೆ ಹತ್ತಿರ ಬಂತು, ಫಿಟ್ಸ್ ಮಾತ್ರೆ ನಿಲ್ಲಿಸಲಾ?

ಪ್ರಶ್ನೆ: ನನಗೆ 24 ವರ್ಷ. ಎಸ್ಸೆಸ್ಸೆಲ್ಸಿ ಓದುವಾಗ ಬೆಳಿಗ್ಗೆ ಎದ್ದ ಕೂಡಲೇ ಕೈ ಝಲ್ಲೆಂದು ಎಳೆದು ಕಾಫಿ ಲೋಟ ಬೀಳುತ್ತಿತ್ತು. ಆಮೇಲೆ ಎರಡು ಸಲ ಫಿಟ್ಸ್ ಬಂತು. ಅಂದಿನಿಂದ ಸೋಡಿಯಂ ವ್ಯಾಲ್‌ಪ್ರೊಯೇಟ್ ನುಂಗುತ್ತಿದ್ದೇನೆ. ಮೂರು ವರ್ಷದಿಂದ ಏನೂ ಆಗಿಲ್ಲ. ಎರಡು ತಿಂಗಳಲ್ಲಿ ಮದುವೆ. ಈ ಮಾತ್ರೆಯಿಂದ ಮಗುವಿಗೆ ತೊಂದರೆ ಅಂತಾರೆ. ನಿಲ್ಲಿಸಲಾ? ಹುಡುಗನಿಗೆ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಭಯ ಸುಮ್ನೆ ಅಲ್ಲ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾಗಬಹುದು. ನೀವು ಹೇಳಿದ ಲಕ್ಷಣ ನೋಡಿದರೆ, ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗ ಇರಬಹುದು. ಇದು ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ, ಮಾತ್ರೆ ಬಿಟ್ಟರೆ ಹೆಚ್ಚಿನವರಲ್ಲಿ ಮರಳಿ ಬರುತ್ತದೆ.

ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುವ ತಾಯಂದಿರ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೋಷ ಇರುತ್ತದೆ. ಉಳಿದವರಲ್ಲಿ ಅದು 2ರಿಂದ 3. ಮಾತು, ಕಲಿಕೆ, ಬೆಳವಣಿಗೆಯ ತೊಂದರೆ ಇನ್ನೂ ಜಾಸ್ತಿ, 30ರಿಂದ 40. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭ ನಿಂತ ಮೊದಲ 4 ವಾರದಲ್ಲೇ. ಮುಟ್ಟು ತಪ್ಪಿತಲ್ಲಾ ಅನ್ನುವಷ್ಟರಲ್ಲಿ ಆ ಸಮಯ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಮಾತ್ರೆಯ ಬದಲಾವಣೆ ಗರ್ಭಕ್ಕೆ ಮೊದಲೇ ಆಗಬೇಕು.

ಈ ವಾರವೇ ನರರೋಗ ತಜ್ಞರನ್ನು ನೋಡಿ. ಲೆವೆಟಿರಾಸಿಟಾಮ್, ಲ್ಯಾಮೊಟ್ರಿಜಿನ್ ಎಂಬ ಬೇರೆ ಫಿಟ್ಸ್ ಮಾತ್ರೆಗಳು ಮಗುವಿಗೆ ಎಷ್ಟೋ ವಾಸಿ. ಮೊದಲನೆಯದರಲ್ಲಿ ಕೆಲವರಿಗೆ ಸಿಡುಕು ಬರುತ್ತದೆ. ಎರಡನೆಯದನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು, ಇಲ್ಲವಾದರೆ ಮೈಮೇಲೆ ಗಂಭೀರ ಗುಳ್ಳೆ ಏಳಬಹುದು. ವ್ಯಾಲ್‌ಪ್ರೊಯೇಟ್ ಜೊತೆಗಿದ್ದರಂತೂ ಇನ್ನೂ ನಿಧಾನ. ಪಕ್ಕದ ಮನೆಯವರಿಗೆ ಹಿಡಿಸಿದ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಕೇಳಬೇಡಿ. ನಿಮ್ಮಂಥ ಕೈ ಎಳೆತ ಅದರಿಂದ ಹೆಚ್ಚಾಗಬಹುದು. ಬದಲಾವಣೆ ಮುಗಿಯುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆಯ ಬಗ್ಗೆಯೂ ಕೇಳಿ.

ಹುಡುಗನಿಗೆ ಹೇಳಿ, ಮದುವೆಗೆ ಮೊದಲೇ. ಮೂರ್ಛೆರೋಗದ ಕಾರಣಕ್ಕೆ ಮದುವೆ ಅಸಿಂಧು ಎನ್ನುವ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಅದಕ್ಕಿಂತ, ಫಿಟ್ಸ್ ಬಂದರೆ ಕೈಗೆ ಬೀಗದಕೈ ತುರುಕದೆ ಒಂದು ಮಗ್ಗುಲಿಗೆ ಮಲಗಿಸಲು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕಲ್ವಾ?

ಇನ್ನೊಂದು ಮಾತು. ನಿಮ್ಮ ಬಗೆಯ ಫಿಟ್ಸ್‌ಗೆ ನಿದ್ದೆಗೇಡು ದೊಡ್ಡ ಶತ್ರು. ಮದುವೆಮನೆಯಲ್ಲಿ ನಿದ್ದೆ ಎಲ್ಲಿಂದ ಬರಬೇಕು! ಬೆಳಗಿನ ಜಾವದ ಮುಹೂರ್ತವಾದರೆ ಹಿಂದಿನ ರಾತ್ರಿ ಎಂಟಕ್ಕೇ ಮಲಗಿ, ಮೆಹಂದಿ ಹಾಡು ಬೇರೆಯವರು ಹಾಡಲಿ. ಮಾತ್ರೆ ಡಬ್ಬಿ ಯಾರ ಕೈಲಿರಬೇಕು ಅಂತ ಈಗಲೇ ಅಮ್ಮನ ಹತ್ತಿರ ಮಾತಾಡಿ.