ದಾವಣಗೆರೆಯಲ್ಲಿ ಕುಳಿತು ಎಲೆಕ್ಟ್ರೋಅಕೌಸ್ಟಿಕ್ ಸಂಗೀತ, ಅಂದರೆ ಮುದ್ರಿಸಿದ ಸದ್ದುಗಳನ್ನು ಯಂತ್ರದಲ್ಲಿ ಮಾರ್ಪಡಿಸಿ ಕಟ್ಟುವ ಸಂಗೀತ, ಮಾಡುವವನಿಗೆ ವಿದೇಶದ ರೆಸಿಡೆನ್ಸಿ (ಕೆಲವು ವಾರ ಒಂದು ಸ್ಟುಡಿಯೋದಲ್ಲಿದ್ದು ಕೆಲಸ ಮಾಡುವ ಅವಕಾಶ), ದೊಡ್ಡ ಹೆಸರಿನ ಮಾರ್ಗದರ್ಶಕರು ಬೇಕೇ ಬೇಕೆ, ಅವರಲ್ಲಿ ಯಾರ ಹೆಸರು ದೊಡ್ಡದು ಎಂದು ಪತ್ರ ಬರೆದು ಕೇಳಿದ್ದೀರಿ.

ಆರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನು ಕಂಡಕಂಡವರಿಗೆಲ್ಲ ಕೇಳಿದ್ದೆ. ಊರೂ ಅದೇ.

ನಮ್ಮ ದೊಡ್ಡಪ್ಪನದು ಮಂಡಕ್ಕಿ ಭಟ್ಟಿ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಬಾಣಲೆಯ ಮರಳು ಕಾದಿರುತ್ತಿತ್ತು. ಉಪ್ಪುನೀರು ಹಚ್ಚಿದ ಅಕ್ಕಿ ಬಿದ್ದ ಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಿಟ್ ಎಂದು ಒಂದು, ಇನ್ನೊಂದು, ನೋಡನೋಡುತ್ತಲೇ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಸಾವಿರ ಸಿಡಿತ. ಜರಡಿಗೆ ಸುರಿದರೆ ಮರಳು ಸೊಂಯ್ಯೆಂದು ಕೆಳಗಿಳಿಯುತ್ತಿತ್ತು, ಮಂಡಕ್ಕಿ ಮೇಲೆ ಉಳಿದು ಗರಗರ ಎನ್ನುತ್ತಿತ್ತು. ಹನ್ನೊಂದು ಗಂಟೆಯಷ್ಟು ಧ್ವನಿ ಮುದ್ರಿಸಿಕೊಂಡೆ. ಅದರಿಂದ ಒಂಬತ್ತು ನಿಮಿಷದ ಕೃತಿ ಕಟ್ಟಿ ಅರ್ಜಿ ಹಾಕಿದೆ. ಯುರೋಪಿನ ಒಂದು ಸ್ಟುಡಿಯೋದಲ್ಲಿ ಆರು ವಾರಗಳ ಅವಕಾಶ ಸಿಕ್ಕಿತು.

ತಪ್ಪು ನಡೆದದ್ದು ಹೊರಡುವ ಮೊದಲೇ. ಇದನ್ನು ವಿವರವಾಗಿಯೇ ಹೇಳುತ್ತೇನೆ, ಬೇಸರಿಸದೆ ಓದಿ. 24 ಬಿಟ್, 48 ಕಿಲೋಹರ್ಟ್ಜ್‌ನ ಸ್ಟೀರಿಯೊ ವೇವ್ ಫೈಲು, ಅಂದರೆ ಧ್ವನಿಯನ್ನು ಕುಗ್ಗಿಸದೆ ಪೂರ್ತಿ ಇಡುವ ಫೈಲು, ಗಂಟೆಗೆ ಸುಮಾರು 1 ಜಿಬಿ ಜಾಗ ತಿನ್ನುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗವಿರಲಿಲ್ಲ. ಕೃತಿ ಹೇಗೂ ಮುಗಿದಿದೆ ಎಂದುಕೊಂಡು ಎಲ್ಲವನ್ನೂ 128 ಕಿಲೋಬಿಟ್‌ನ ಎಂಪಿ3 ಆಗಿ ಕುಗ್ಗಿಸಿ, ಮೂಲ ಫೈಲುಗಳನ್ನು ಅಳಿಸಿಹಾಕಿದೆ. ಕೇಳುವುದಕ್ಕೆ ಎರಡೂ ಒಂದೇ ಅನ್ನಿಸಿತ್ತು. ಒಂದೇ ಅಲ್ಲ. ಆ ದರದ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಜ್‌ಗಿಂತ ಮೇಲಿನ ಅತಿ ತೀಕ್ಷ್ಣ ಸ್ವರಗಳನ್ನು ಕತ್ತರಿಸಿಬಿಡುತ್ತದೆ. ಸಹಜ ವೇಗದಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಟೇಪನ್ನು ಎಳೆದ ಹಾಗೆ ಧ್ವನಿಯನ್ನು ನಾಲ್ಕು ಪಟ್ಟು ನಿಧಾನಿಸಿದರೆ ಆ 16 ಎಂಬುದು 4ಕ್ಕೆ ಇಳಿಯುತ್ತದೆ, ಕಂಬಳಿ ಹೊದಿಸಿದಂತೆ ಎಲ್ಲವೂ ಮಂಕು. ಮಂಡಕ್ಕಿಯ ಸಿಡಿತದಂಥ ಚೂಪಾದ ಸದ್ದಿಗೆ ಇನ್ನೂ ದೊಡ್ಡ ಪೆಟ್ಟು: ಸಿಡಿಯುವ ಮೊದಲೇ ಒಂದು ಮಸುಕು ಸದ್ದು ಹರಡಿಕೊಳ್ಳುತ್ತದೆ, ನಿಧಾನಿಸಿದಾಗ ಅದೇ ಎದ್ದು ಕೇಳುತ್ತದೆ.

ಮೊದಲ ವಾರ ನಮ್ಮ ಮಾರ್ಗದರ್ಶಕಿ ಕೃತಿಯನ್ನು ಪೂರ್ತಿ ಕೇಳಿ, ‘ಇದಿರಲಿ, ಆ ಬಾಣಲೆಯ ಬರಿಯ ಧ್ವನಿ ಕೇಳಿಸು’ ಎಂದರು. ಸುತ್ತಲೂ ಎಂಟು ಸ್ಪೀಕರ್. ಅವರು ವೇಗವನ್ನು ಇಳಿಸುತ್ತ ಹೋದರು, ಮಂಡಕ್ಕಿ ಮಾಯವಾಗಿ ಕೆಸರು ಉಳಿಯಿತು. ಮೂಲ ಎಲ್ಲಿ ಎಂದು ಕೇಳಿದರು. ಹೇಳಿದೆ. ಅವರು ಬಯ್ಯಲಿಲ್ಲ, ಸುಮ್ಮನೆ ಕುಳಿತರು. ಊರಿಗೆ ಫೋನ್ ಮಾಡಿದರೆ ದೊಡ್ಡಪ್ಪ ಆ ತಿಂಗಳಷ್ಟೇ ಭಟ್ಟಿ ನಿಲ್ಲಿಸಿದ್ದರು. ದಾವಣಗೆರೆಯಲ್ಲಿ ಬೇರೆ ಭಟ್ಟಿಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ದೊಡ್ಡಪ್ಪ ಬಾಣಲೆಯ ಅಂಚಿಗೆ ಎರಡು ಸಲ ಸಟ್ಟುಗ ಕುಟ್ಟುತ್ತಿದ್ದ ಆ ಸದ್ದು ಬೇರೆಲ್ಲೂ ಇಲ್ಲ. ಉಳಿದ ಐದು ವಾರ ಕೆಸರನ್ನೇ ಕಲಸಿದೆ.

ಆದ್ದರಿಂದ ಯಾವ ಮಾರ್ಗದರ್ಶಕರ ಹೆಸರು ದೊಡ್ಡದು ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನನಗೆ ಸಿಕ್ಕವರು ವಾರಕ್ಕೆ ಎರಡು ಗಂಟೆ ಕೊಡುತ್ತಿದ್ದರು. ಮಿಕ್ಕ ಹೊತ್ತೆಲ್ಲ ನೀವು, ನೀವು ಹೊತ್ತು ತಂದ ಧ್ವನಿ. ಗುರುಕುಲದಂತೆ ಕಾಲ ಬುಡದಲ್ಲಿ ಕುಳಿತು ಕಲಿಯುವ ವ್ಯವಸ್ಥೆ ಅದಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಪರಂಪರೆಯೇ ಇಲ್ಲ ಎಂದೂ ಬರೆದಿದ್ದೀರಿ. ಇದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ವಿದ್ಯುತ್ತಿನಿಂದಲೇ ಧ್ವನಿ ಹುಟ್ಟಿಸುವ ಮೂಗ್ ಸಿಂಥಸೈಜರ್ ಬಂತು, ಅಮೆರಿಕದ ಸಂಗೀತ ಸಂಯೋಜಕ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಅಣಿಗೊಳಿಸಿದರು, ನಮ್ಮ ಸಂಗೀತಗಾರ್ತಿ ಗೀತಾ ಸಾರಾಭಾಯಿ ಮತ್ತು ಇತರರು ಅಲ್ಲಿ ಕೆಲಸ ಮಾಡಿದರು. ಉಪಕರಣವಿಲ್ಲ ಎಂಬ ಕೊರಗೂ ಬೇಡ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೊ ಎಂಜಿನಿಯರ್ ಪಿಯರ್ ಶೆಫರ್ ರೈಲು ನಿಲ್ದಾಣದ ಸದ್ದನ್ನು ಮುದ್ರಿಸಿ, ಅದರ ತುಣುಕುಗಳನ್ನು ಮರುಜೋಡಿಸಿದ್ದರಿಂದಲೇ ಈ ದಾರಿ ತೆರೆದದ್ದು. ನಮ್ಮ ರೈಲು ನಿಲ್ದಾಣವೂ ಮೂಕವಾಗಿಲ್ಲ.

ಮೂರು ವಾರದಲ್ಲಿ ಅರ್ಜಿಯ ಕೊನೆಯ ದಿನ ಎನ್ನುತ್ತೀರಿ. ಈ ವರ್ಷ ಹಾಕಬೇಡಿ. ಸಾಲ ಮಾಡಿ ಶುಲ್ಕ ಕಟ್ಟುವಂಥ ರೆಸಿಡೆನ್ಸಿಗಂತೂ ಎಂದಿಗೂ ಬೇಡ, ಭತ್ಯೆ ಕೊಟ್ಟು ಕರೆಯುವವರೂ ಇದ್ದಾರೆ. ಅಷ್ಟರಲ್ಲಿ ಒಂದು ಜಾಗ ಹಿಡಿದು ಎಲ್ಲ ಋತುವಿನಲ್ಲೂ ಅದನ್ನು ಮುದ್ರಿಸಿ. ಮೂಲ ಫೈಲು ಎರಡು ಡಿಸ್ಕಿನಲ್ಲಿರಲಿ, ಒಂದು ಮನೆಯಲ್ಲಿ, ಇನ್ನೊಂದು ಬೇರೆಯವರ ಮನೆಯಲ್ಲಿ.

ನಾನೀಗ ಚಿತ್ರದುರ್ಗದಲ್ಲಿದ್ದೇನೆ. ಎರಡು ವರ್ಷದಿಂದ ಇಲ್ಲಿನ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ಮುದ್ರಿಸುತ್ತಿದ್ದೇನೆ. ರೆಕ್ಕೆ ಕೆಳಗಿಳಿಯುವಾಗಿನ ಸದ್ದೇ ಬೇರೆ, ಆಷಾಢದ ಗಾಳಿಗಂತೂ ಅದು ಉಸಿರಾಡಿದ ಹಾಗೆ ಕೇಳುತ್ತದೆ. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ, ಒಂದು ಭಾನುವಾರ ಬನ್ನಿ. ಮುಗಿಸಿದ ಕೃತಿ ಬೇಡ, ಮುದ್ರಿಸಿದ ವೇವ್ ಫೈಲುಗಳನ್ನು ತನ್ನಿ. ನನ್ನ ಬಳಿ ಒಳ್ಳೆಯ ಎರಡು ಸ್ಪೀಕರ್ ಇವೆ, ಕುಳಿತು ಕೇಳೋಣ.